ಅವ್ವನ ಕೂಗಿಗೆ ಒಂದು ಸಾಲು ಕೋಡ್

ನಮ್ಮ ಅವ್ವನ ಜೊತೆ ಯಾರೂ ಚೌಕಾಸಿ ಮಾಡುತ್ತಿಲ್ಲ ಎಂಬುದೇ ಅವ್ವನ ದುಃಖವಾಗಿತ್ತು. ಗಂಟಲಿನ ಆಪರೇಶನ್‌ನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಇಟ್ಟು ಮನೆಗೆ ಕಳಿಸಿದ್ದರು. ಆ ನೋವಿನ ಬಗ್ಗೆ ಅವಳು ತಕರಾರು ತೆಗೆದದ್ದನ್ನು ನಾನು ಕಾಣೆ. ಅವಳ ತಕರಾರು ಬೇರೆಯೇ ಇತ್ತು. ಕಮಲಾಪುರದ ಸಂತೆಯಲ್ಲಿ ಜನ ಈಗ ಅವಳು ಬೆರಳು ಮಾಡಿ ತೋರಿಸಿದ ದರವನ್ನು ಮರುಮಾತಿಲ್ಲದೆ ಕೊಟ್ಟು, ತಲೆ ತಗ್ಗಿಸಿಕೊಂಡು ಹಣ್ಣು ಒಯ್ಯುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಇದಕ್ಕೆ ಖುಷಿಪಡುತ್ತಿದ್ದರು. ಅವ್ವನಿಗೆ ಅದು ಮೈಮೇಲೆ ಉಗುಳಿದ ಹಾಗೆ ಆಗುತ್ತಿತ್ತು. ಅಪ್ಪ ತೀರಿಕೊಂಡಾಗಿನಿಂದ ಆ ಬೇವಿನ ಮರದ ಬುಡದ ಜಾಗದಲ್ಲಿ ಕೂತು ಕೆಂಪು ಬಾಳೆಹಣ್ಣು ಮಾರಿದವಳು ಅವಳು. ಬಸ್ಸಿನ ಹಾರ್ನನ್ನೂ ಮೀರಿಸುವ ಗಂಟಲು. ನಾನು ಶಾಲೆಯಿಂದ ಬರುವಾಗ ಊರ ಹೊರಗೇ ಅವ್ವನ ಕೂಗು ಕೇಳಿ ಇವತ್ತು ಸಂತೆ ಎಂದು ತಿಳಿಯುತ್ತಿತ್ತು. ಗೆಳತಿಯರು ನಗುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟೆಲ್ಲ ಅವ್ವನ ಮುಂದೆ ತಲೆ ತಗ್ಗಿಸುವವರ ಕಡೆಗೆ ತಿರುಗಿದೆ.

ನಮ್ಮ ಸಂತೆಯ ಚೌಕಾಸಿಗೆ ಒಂದು ರೀತಿ ಇದೆ. ಗಿರಾಕಿ ದರ ಕೇಳುತ್ತಾನೆ, ಮುಖ ಸಿಂಡರಿಸುತ್ತಾನೆ, ಅರ್ಧಕ್ಕೆ ಕೇಳುತ್ತಾನೆ. ಆಗದು ಎಂದರೆ ಬೆನ್ನು ತಿರುಗಿಸಿ ಹೊರಟುಬಿಡುತ್ತಾನೆ. ಆ ಹೊರಡುವುದು ಬರೀ ನಾಟಕ. ಕಾಲು ಮುಂದೆ ಹೋಗುತ್ತಿದ್ದರೂ ಕಿವಿ ಹಿಂದೆಯೇ ಇರುತ್ತದೆ. ಅವ್ವ "ಹೋಗ್ರಿ, ಹಣ್ಣು ಇಲ್ಲೇ ಇರ್ತಾವ" ಎಂದು ಬಿಟ್ಟು, ಅವನು ಎಷ್ಟು ದೂರ ಹೋದರೆ ಮನಸ್ಸು ಮೆತ್ತಗಾಗುತ್ತದೆ ಎಂದು ಅಳೆದು, ಸರಿಯಾದ ಹೊತ್ತಿಗೆ "ಬರ್ರೀಈಈಈ" ಎಂದು ಕರೆಯುತ್ತಿದ್ದಳು. ಅವನು ಬರುತ್ತಿದ್ದ. ಇಬ್ಬರೂ ನಡುವೆ ಎಲ್ಲೋ ಒಂದು ದರಕ್ಕೆ ಒಪ್ಪುತ್ತಿದ್ದರು. ಆದರೆ ವಾಪಸು ಕರೆಯಲಾಗದವಳಿಗೆ ಬೆನ್ನು ತೋರಿಸುವುದು ಹೇಗೆ? ಅದಕ್ಕೇ ಗೊತ್ತಿದ್ದವರು ಯಾರೂ ಹೊರಡುತ್ತಿರಲಿಲ್ಲ. ಕೇಳಿದಷ್ಟು ಕೊಟ್ಟುಬಿಡುತ್ತಿದ್ದರು.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಒಳ್ಳೆಯವರೇ. ಆದರೆ ಒಳ್ಳೆಯವರ ಕಾಟ ಬೇರೆಯೇ ಇರುತ್ತದೆ. "ವೈನೀ, ಇನ್ನ ಸಾಕ ಮಾಡ್ರಿ. ಜಾಗಾ ನಾ ನೋಡ್ಕೋತೀನಿ. ನೀವು ಮಗಳ ಮನ್ಯಾಗ ಆರಾಮ ಕೂಡ್ರಿ" ಎಂದು ಪ್ರತಿ ಸಂತೆಗೂ ಹೇಳತೊಡಗಿದರು. ಒಮ್ಮೆ ಯಾರದೋ ಕೂಗನ್ನು ತುಂಬಿಸಿದ ಬ್ಯಾಟರಿ ಡಬ್ಬಿ ತಂದು ಅವ್ವನ ಪಕ್ಕ ಇಟ್ಟರು. ತಳ್ಳುಗಾಡಿಯವರು ಇಟ್ಟುಕೊಳ್ಳುತ್ತಾರಲ್ಲ, ಹೇಳಿದ್ದನ್ನೇ ಹೇಳುತ್ತಿರುತ್ತದೆ, ಅಂಥದ್ದು. ಅವ್ವ ಕಾಲಿನಿಂದಲೇ ಅದರ ಗುಂಡಿ ಒತ್ತಿ ಬಂದ್ ಮಾಡಿದಳು. ಆಮೇಲೆ ಫೋನಿನಲ್ಲಿ ಟೈಪ್ ಮಾಡಿ ನನಗೆ ತೋರಿಸಿದಳು: "ಆರಾಮ ಸತ್ತ ಮ್ಯಾಲ ಕೂಡ್ತೀನಿ ಅಂತ ಹೇಳ ನಿಮ್ಮ ಕಾಕಾಗ."

ಕಾಕಾ ಅದನ್ನು ಓದಿ ನಕ್ಕರು. ಆದರೆ ಜಾಗದ ಮಾತು ಬಿಡಲಿಲ್ಲ. ಅವ್ವ ತಾನೇ ಮಾತಾಡಿ ವ್ಯಾಪಾರ ಮಾಡದಿದ್ದರೆ ಆ ಜಾಗ ಮೆಲ್ಲಗೆ ಅವಳ ಕೈ ತಪ್ಪುತ್ತದೆ ಎಂದು ನನಗೆ ಗೊತ್ತಾಯಿತು. ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ನಾನು ಮಾಡುವುದು ಕೋಡ್ ಬರೆಯುವ ಕೆಲಸ. ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಬೇಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ವ್ಯಾಪಾರಿಗಳಿಗೆ ಕನ್ನಡದಲ್ಲಿ ಬಿಲ್ ಹಾಕುವ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಕೆಳಗಿನಿಂದ ತೊಗರಿಯ ಧೂಳು ಏರಿ ಬಂದು ಕೀಬೋರ್ಡಿನ ಸಂದಿಯಲ್ಲಿ ಸೇರುತ್ತದೆ. ಅವ್ವ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಆ್ಯಪ್ ಮಾಡುತ್ತೇನೆ, ಅವಳು ಅದರಿಂದಲೇ ಚೌಕಾಸಿ ಮಾಡುತ್ತಾಳೆ ಎಂದು ನಾನು ಕಾಕಾನ ಎದುರಿಗೇ ಹೇಳಿಬಿಟ್ಟೆ. ಹೇಳಿದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ. ಅದು ಅವ್ವನ ಕಡೆಯಿಂದ ಬಂದದ್ದು.

ಓದುವ ದನಿ ಫೋನಿನಲ್ಲೇ ಇತ್ತು. ಅದರಲ್ಲಿನ ಹೆಣ್ಣುದನಿಯನ್ನು ಕೇಳಿ ಅವ್ವ "ಇಕಿ ಯಾರು, ರೇಡಿಯೋದಾಕಿ?" ಎಂದು ಟೈಪ್ ಮಾಡಿದಳು. ದಪ್ಪಗೆ ಮಾಡು ಎಂದು ಕೈಸನ್ನೆ ಮಾಡಿದಳು. ನಾನು ಇಳಿಸುತ್ತ ಹೋದೆ. ಇನ್ನೂ ದಪ್ಪ, ಇನ್ನೂ ದಪ್ಪ. ಕೊನೆಗೆ ಗಂಡೋ ಹೆಣ್ಣೋ ತಿಳಿಯದ ಒಂದು ಗೊಗ್ಗರು ದನಿಗೆ ಬಂದಾಗ ತಲೆಯಾಡಿಸಿದಳು. ದನಿಯ ತೊಂದರೆ ಅಲ್ಲಿಗೆ ಮುಗಿಯಿತು. ಆದರೆ ಅವ್ವನ ಹೆಬ್ಬೆರಳು ದಪ್ಪ. ಒತ್ತುವಾಗ ಪಕ್ಕದ ಇಂಗ್ಲಿಷ್ ಅಕ್ಷರಗಳೂ ನಗುವ ಅಳುವ ಗೊಂಬೆಮುಖಗಳೂ ನಡುವೆ ಬಂದು ಬೀಳುತ್ತಿದ್ದವು. ಫೋನು ಅವನ್ನೂ ಬಿಡದೆ ಓದುತ್ತಿತ್ತು. ಸಿಟ್ಟಿನಲ್ಲಿ ಬೈಯುತ್ತಿರುವಾಗ ನಡುವೆ "ಕಣ್ಣೀರು ಬರುವಂತೆ ನಗುವ ಮುಖ" ಎಂದು ಫೋನು ಹೇಳಿದರೆ ಬೈಗುಳಕ್ಕೆ ಬೆಲೆಯೇ ಇರುವುದಿಲ್ಲ.

ಅದಕ್ಕೊಂದು ಜರಡಿ ಬೇಕಾಯಿತು. ನಮ್ಮ ಕೆಲಸದಲ್ಲಿ ಅಂಥ ಜರಡಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ರೆಜೆಕ್ಸ್. ಯಾವ ಅಕ್ಷರ ಬೇಕು, ಯಾವುದು ಬೇಡ ಎಂದು ಒಂದು ಸಾಲಿನಲ್ಲಿ ಬರೆದರೆ ಸಾಕು, ಉಳಿದದ್ದು ಉದುರಿಹೋಗುತ್ತದೆ. ಜಗತ್ತಿನ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಯುನಿಕೋಡ್‌ನಲ್ಲಿ ಒಂದೊಂದು ಸಂಖ್ಯೆ ಇದೆ. ಕನ್ನಡಕ್ಕೆ ಅಲ್ಲಿ ತನ್ನದೇ ಒಂದು ಓಣಿ, ಅಕ್ಷರಗಳು ಮನೆ ನಂಬರಿನ ಪ್ರಕಾರ ಸಾಲಾಗಿ ಕೂತಿವೆ. ಇಂಥ ಮನೆಯಿಂದ ಇಂಥ ಮನೆಯವರೆಗೆ ಎಂದು ಹೇಳಿದರೆ ನಡುವಿನವರೆಲ್ಲ ಬಂದಂತೆ. ಇಂಗ್ಲಿಷಿನವರು ಎ ಯಿಂದ ಝಡ್ ಎಂದು ಬರೆಯುತ್ತಾರೆ. ನಾನು ಕನ್ನಡ ಶಾಲೆಯಲ್ಲಿ ಮಗ್ಗಿಯ ಹಾಗೆ ವರ್ಣಮಾಲೆ ಒದರಿದವಳು, ಯೋಚನೆಯನ್ನೂ ಮಾಡದೆ ಬರೆದೆ: [ಅ-ಳ]. ಪಕ್ಕದಲ್ಲಿ ದೀರ್ಘ, ಕೊಂಬು, ಒತ್ತುಗಳಿಗೆ ಇನ್ನೊಂದು ಚೂರು ಸೇರಿಸಿದೆ. ಅ ದಿಂದ ಳ ತನಕ. ಇನ್ನೇನು ಬೇಕು?

ಮೊದಲ ಪರೀಕ್ಷೆಗೆ ನಮ್ಮೂರಿನ ಹೆಸರನ್ನೇ ಕೊಟ್ಟೆ. "ಕಮಲಾಪುರ" ಎಂದಿತು, ಸ್ಪಷ್ಟವಾಗಿ. "ಕಲಬುರಗಿ" ಎಂದೆ, ಅದೂ ಸರಿಯಾಗಿ ಬಂತು. ಹೆಮ್ಮೆಯಿಂದ ಅವ್ವನ ಕೈಗೆ ಕೊಟ್ಟು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಗೊಗ್ಗರು ದನಿ "ಆಗ್ಯದ" ಎಂದಿತು.

"ಏನಾಗ್ಯದ?" ಎಂದೆ.

"ಆಗ್ಯದ, ಆಗ್ಯದ" ಎಂದೇ ಅದು ಒದರತೊಡಗಿತು. ಹೊರಗೆ ಬಂದು ನೋಡಿದರೆ ಅವ್ವ ಟೈಪ್ ಮಾಡಿದ್ದು "ಹಸಿವಾಗ್ಯದ" ಎಂದು. ಹ, ಸ, ವ ಮೂರೂ ಜರಡಿಯಲ್ಲಿ ಉದುರಿಹೋಗಿದ್ದವು.

ಶಾಲೆಯಲ್ಲಿ ನಾವು ಕಡೆಗೆ ಹೇಳುವ ಳ, ಯುನಿಕೋಡ್ ಓಣಿಯಲ್ಲಿ ಕಡೆಯ ಮನೆಯಲ್ಲಿ ಇಲ್ಲ. ಅಲ್ಲಿ ಅದು ಲ ದ ಪಕ್ಕದಲ್ಲೇ ಕೂತಿದೆ. ವ, ಶ, ಷ, ಸ, ಹ ಎಲ್ಲ ಅದರ ಆಚೆ. ನಾನು ಅವರನ್ನೆಲ್ಲ ಓಣಿಯ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ್ದೆ. ಅಂ ಎನ್ನುವಾಗಿನ ಸೊನ್ನೆಯಂತೂ ಅ ಗಿಂತ ಮೊದಲೇ ಮನೆ ಮಾಡಿಕೊಂಡಿತ್ತು, ಅದೂ ಹೊರಗೆ. ಇಷ್ಟು ವರ್ಷ ಕನ್ನಡದಲ್ಲಿ ಬಿಲ್ ಹಾಕಿಕೊಟ್ಟವಳು ನಾನು! ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವ್ವನಿಗೆ ಮಾತ್ರ ಖಚಿತವಾಗಿ ತಿಳಿದಿತ್ತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸದ್ದಿಲ್ಲದ ನಗು, ಬರೀ ಹೆಗಲು ಕುಣಿಯುತ್ತಿತ್ತು. ನಕ್ಕು ಮುಗಿಸಿ ಮತ್ತೆ ಹೊಟ್ಟೆ ತೋರಿಸಿದಳು. ಮೊದಲು ರೊಟ್ಟಿ ಬಡಿದೆ, ಆಮೇಲೆ ಓಣಿಯ ಮೊದಲ ನಂಬರಿನಿಂದ ಕಡೆಯ ನಂಬರಿನವರೆಗೆ ಪೂರ್ತಿ ಒಳಗೆ ಬಿಡುವ ಹಾಗೆ ಸಾಲನ್ನು ತಿದ್ದಿದೆ.

ಜರಡಿಗೆ ಇನ್ನೊಂದು ನಿಯಮವನ್ನೂ ಸೇರಿಸಿದೆ. ಆಪರೇಶನ್ ಆದ ಮೇಲೆ ಅವ್ವನ ಬೆರಳಿಗೆ ಮೊದಲಿನ ಚುರುಕಿಲ್ಲ, ಒತ್ತಿದಲ್ಲೇ ನಿಂತುಬಿಡುತ್ತಿತ್ತು. ಹಾಗೆ ಒಂದೇ ಅಕ್ಷರ ಮೂರು ನಾಲ್ಕು ಸಲ ಬಿದ್ದರೆ ಅದನ್ನು ಒಂದಕ್ಕೆ ಇಳಿಸು ಎಂದು ಬರೆದೆ. ಇದು ಜಾಣತನದ ಕೆಲಸ ಎಂದುಕೊಂಡೆ.

ಆಪರೇಶನ್ ಆದಾಗಿನಿಂದ ಅವ್ವ ಕಲಬುರಗಿಯಲ್ಲಿ ನನ್ನ ಜೊತೆಗೇ ಇದ್ದಳು. ಮುಂದಿನ ಸಂತೆಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಇಬ್ಬರೂ ಕಮಲಾಪುರಕ್ಕೆ ಹೋದೆವು. ಫೋನಿಗೆ ಒಂದು ಸ್ಪೀಕರ್ ಡಬ್ಬಿ ಜೋಡಿಸಿ ಗೊನೆಗಳ ಪಕ್ಕ ಇಟ್ಟೆ. ಅವ್ವ ಹೊಸ ಸೀರೆ ಉಟ್ಟಿದ್ದಳು, ಕುತ್ತಿಗೆಗೆ ಅದೇ ಬಣ್ಣದ ಬಟ್ಟೆ ಕಟ್ಟಿಕೊಂಡಿದ್ದಳು. ಫೋನು ಮಾತಾಡಿದಾಗ ಜನ ಸುತ್ತ ನೆರೆದರು. "ಎಷ್ಟ್ ಛಂದ ಮಾತಾಡ್ತದಲ್ಲ" ಎಂದರು. ಹಾಗೆ ಹೇಳಿ, ಕೇಳಿದಷ್ಟು ಕೊಟ್ಟು, ಹಣ್ಣು ಒಯ್ದರು. ಒಬ್ಬರೂ ಅರ್ಧಕ್ಕೆ ಕೇಳಲಿಲ್ಲ.

ಹೊಸಬಳೊಬ್ಬಳು ಬಂದಳು. ಅವಳಿಗೆ ಅವ್ವನ ಸಂಗತಿ ಗೊತ್ತಿರಲಿಲ್ಲ. ದರ ಕೇಳಿ ಮುಖ ಸಿಂಡರಿಸಿದಳು, ಕಡಿಮೆಗೆ ಕೇಳಿದಳು, ಬೆನ್ನು ತಿರುಗಿಸಿ ನಡೆದಳು. ಅವ್ವನ ಕಣ್ಣು ಅರಳಿದ್ದು ನನಗೆ ಈಗಲೂ ನೆನಪಿದೆ. ಅವಳು ಸರಸರನೆ ಏನೋ ಒತ್ತಿದಳು. ಡಬ್ಬಿ "ಬರ್ರೀ" ಎಂದಿತು. ಅಷ್ಟೇ. ಬ್ಯಾಂಕಿನ ಕೌಂಟರಿನಲ್ಲಿ ಟೋಕನ್ ಕರೆದ ಹಾಗೆ. ಒಂದು ಟೆಂಪೋ ಹಾರ್ನ್ ಹೊಡೆಯಿತು, ಆ ದನಿ ಅಲ್ಲೇ ಮುಳುಗಿತು. ಹೆಂಗಸು ತಿರುಗಿ ನೋಡದೆ ಗುಂಪಿನಲ್ಲಿ ಸೇರಿಹೋದಳು.

ಆ ಹೊತ್ತಿಗೆ ಸರಿಯಾಗಿ ಚಾಚಾ ಬಂದು ನಿಂತಿದ್ದರು. ಕಲಬುರಗಿಯ ಮೋಮಿನಪುರದಲ್ಲಿ ಹಣ್ಣಿನ ಅಂಗಡಿ ಇಟ್ಟುಕೊಂಡ ಹಿರಿಯರು, ನಾನು ಫ್ರಾಕ್ ಹಾಕುತ್ತಿದ್ದಾಗಿನಿಂದ ಸಂತೆಗೆ ಬಂದು ಅವ್ವನಿಂದ ಗೊನೆಗಟ್ಟಲೆ ಕೊಳ್ಳುವವರು. ಅವರಿಬ್ಬರ ಜಗಳ ನೋಡಲು ಪಕ್ಕದ ಮೆಣಸಿನಕಾಯಿಯವರು ತಮ್ಮ ವ್ಯಾಪಾರ ಬಿಟ್ಟು ನಿಲ್ಲುತ್ತಿದ್ದ ಕಾಲವೊಂದಿತ್ತು. ಅವತ್ತು ಅವರು ಆ ಹೆಂಗಸು ಹೋದದ್ದನ್ನೂ ನೋಡಿದರು, ಅವ್ವನ ಮುಖವನ್ನೂ ನೋಡಿದರು. "ಎಷ್ಟ್ ಆತು ಅಕ್ಕಾ?" ಎಂದು ಮೆತ್ತಗೆ ಕೇಳಿ, ಅವಳು ಹೇಳಿದಷ್ಟೇ ಕೊಟ್ಟು ಹೋದರು.

ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಕಲಬುರಗಿ ಹತ್ತಿರ ಬಂದಾಗ ಫೋನು ನನ್ನ ತೊಡೆಯ ಮೇಲಿಟ್ಟಳು. ತೆರೆಯ ಮೇಲೆ ಇತ್ತು: "ನನ್ನ ಕೂಗು ನುಂಗಿದ್ದು ನೀನ."

ಅವಳು ಸಂತೆಯಲ್ಲಿ ಒತ್ತಿದ್ದು ಏನು ಎಂದು ತೆಗೆದು ನೋಡಿದೆ. "ಬರ್ರೀಈಈಈಈಈ". ಬೆರಳು ತಪ್ಪಿ ನಿಂತದ್ದಲ್ಲ, ಬೇಕೆಂದೇ ಒತ್ತಿದ್ದು. ನನ್ನ ಜಾಣ ಜರಡಿ ಆ ಸಾಲು ಈಗಳನ್ನು ಕಸ ಎಂದು ಗುಡಿಸಿ ಹಾಕಿತ್ತು. ನನಗೆ ಅಳು ಬಂತು, ಬಸ್ಸಿನಲ್ಲಿ ಎಲ್ಲರೆದುರಿಗೇ ಅತ್ತೆ. ಅವ್ವ ಸೆರಗು ಕೊಟ್ಟಳು, ಆದರೆ ಮುಖ ಗಂಟು ಹಾಕಿಕೊಂಡೇ ಕೊಟ್ಟಳು. ಅವಳಿಗೆ ಬೇಕಾದ್ದು ನನ್ನ ಕಣ್ಣೀರಲ್ಲ, ಕೆಲಸ.

ಮರುದಿನ ಗಂಜ್‌ನ ಕೋಣೆಯಲ್ಲಿ ಕೂತು ಬೇರೆಲ್ಲ ಕೆಲಸ ಬದಿಗಿಟ್ಟೆ. ಕೆಳಗೆ ತೊಗರಿಯ ಸವಾಲು, ಅಂದರೆ ಹರಾಜು, ನಡೆದಿತ್ತು. ಕೂಗುವವನು ಒಂದೊಂದು ಮಾತಿನ ಬಾಲವನ್ನೂ ಹಿಡಿದು ಎಳೆಯುತ್ತಿದ್ದ. ಎಳೆದದ್ದನ್ನು ಮಾತ್ರ ಎಳೆಯಬೇಕು, ಬೆರಳು ತಪ್ಪಿ ಬಿದ್ದದ್ದನ್ನು ಬಿಡಬೇಕು. ಇವೆರಡನ್ನೂ ಫೋನು ಹೇಗೆ ಬೇರೆ ಮಾಡಬೇಕು? ಅವ್ವನಿಗೆ ಹೇಳಿ ಅವಳ ಎಲ್ಲ ಕೂಗುಗಳನ್ನೂ ಟೈಪ್ ಮಾಡಿಸಿ ತರಿಸಿಕೊಂಡಿದ್ದೆ. ಕೆಂಪ ಬಾಳೀಈಈಈ. ಬರ್ರೀಈಈಈ. ಅಕ್ಕಾರಾಆಆಆ. ನೋಡುತ್ತ ನೋಡುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಕ್ಷರಕ್ಕೆ ಅಂಟಿದ ಸ್ವರದ ಗುರುತಿನ ಬೆನ್ನಿಗೇ ಅದೇ ಸ್ವರ ಪೂರ್ತಿ ಅಕ್ಷರವಾಗಿ ಸಾಲುಗಟ್ಟಿ ಬಂದಿದೆ. ಪುಸ್ತಕದಲ್ಲಿ ಹೀಗೆ ಯಾರೂ ಬರೆಯುವುದಿಲ್ಲ, ಅರ್ಜಿಯಲ್ಲಿ, ಬಿಲ್ಲಿನಲ್ಲಿ ಬರೆಯುವುದಿಲ್ಲ. ಯಾರೋ ಯಾರನ್ನೋ ದೂರದಿಂದ ಕೂಗುವಾಗ ಮಾತ್ರ ಕನ್ನಡ ಹೀಗೆ ಕಾಣುತ್ತದೆ.

ಓಣಿಯಲ್ಲಿ ಅಂಟುವ ಗುರುತುಗಳೆಲ್ಲ ಒಂದು ಕಡೆ, ಪೂರ್ತಿ ಸ್ವರಗಳೆಲ್ಲ ಇನ್ನೊಂದು ಕಡೆ ಕೂತಿವೆ. ಹಾಗಾಗಿ ಸಾಲು ಸುಲಭವಾಗಿತ್ತು: [ಾ-ೌ][ಅ-ಔ]+. ಗುರುತುಗಳಲ್ಲಿ ಒಂದು, ಅದರ ಹಿಂದೆ ಸ್ವರಗಳು ಎಷ್ಟಾದರೂ. ಇದು ಸಿಕ್ಕರೆ ಕೂಗು ಎಂದು ತಿಳಿ, ಆ ತುಂಡನ್ನು ಎಳೆದು ಏರುದನಿಯಲ್ಲಿ ಹೇಳು. ಆ ಒಂದು ಸಾಲನ್ನು ಬರೆದು ನಾನು ಕುರ್ಚಿಯಿಂದ ಎದ್ದು ನಿಂತೆ.

ಸಂಜೆ ಕಾಕಾ ಬಂದಿದ್ದರು. ಅವ್ವ ಯಾವುದೋ ಜಗಳದ ಸುದ್ದಿ ಹೇಳುತ್ತ ಊರಿಗೆ ಹೊಸ ಪಿಎಸ್‌ಐ ಬಂದದ್ದನ್ನು ಟೈಪ್ ಮಾಡಿದಳು. ಡಬ್ಬಿ "ಪಿಎಎಎಎಎ" ಎಂದು ಓಣಿಯೇ ಬೆಚ್ಚುವ ಹಾಗೆ ಅರಚಿತು. ಪಕ್ಕದ ಮನೆಯ ನಾಯಿ ಬೊಗಳಿತು. ಕಾಕಾ ಚಹಾ ಚೆಲ್ಲಿಕೊಂಡರು. "ಪೊಲೀಸರನ್ನ ಹಿಂಗ ಕೂಗಿದ್ರ ಒಳಗ ಹಾಕ್ತಾರ್ರೀ ವೈನಿ!" ಎಂದರು. ಪಿ ಯ ಗುಡಿಸು, ಅದರ ಹಿಂದೆ ಎ. ನನ್ನ ಸಾಲಿಗೆ ಅದೂ ಕೂಗಾಗಿ ಕಂಡಿತ್ತು. ಒಂದೇ ಸ್ವರ ಒಂದರ ಹಿಂದೆ ಒಂದು ಬಂದರೆ ಮಾತ್ರ ಎಳೆ ಎಂದು ಬಿಗಿ ಮಾಡಲು ಫೋನು ಕೇಳಿದೆ. ಅವ್ವ ತಕ್ಷಣ ಕೊಡಲಿಲ್ಲ, ಆ ಪಿಎಸ್‌ಐಯನ್ನು ಇನ್ನೊಮ್ಮೆ ಕೂಗಿಸಿ ಕಾಕಾನನ್ನು ಹೆದರಿಸಿಯೇ ಕೊಟ್ಟಳು.

ಆ ವಾರದ ಸಂತೆಗೆ ಕಾಕಾ ನಮಗಿಂತ ಮುಂಚೆ ಹೋಗಿ ಬೇವಿನ ಬುಡದಲ್ಲಿ ಚಾಪೆ ಹಾಸಿ ತಾವೇ ಕೂತಿದ್ದರು. ಅವ್ವ ಹೋಗಿ ಎದುರಿಗೆ ನಿಂತಳು. ಅವರು ಎದ್ದು ಜಾಗ ಬಿಟ್ಟರು, ಆದರೆ ಹೋಗದೆ ಚಾಪೆಯನ್ನು ಪಕ್ಕಕ್ಕೆ ಎಳೆದುಕೊಂಡು ಅಲ್ಲೇ ಕೂತರು. ಇದೊಂದು ಸಂತೆ ನೋಡೋಣ ಎಂಬುದು ಅವರ ಮುಖದಲ್ಲೇ ಇತ್ತು.

ಅವ್ವ ಮೊದಲ ಕೂಗು ಒತ್ತಿದಳು. "ಕೆಂಪ ಬಾಳೀಈಈಈಈಈ". ಅವಳ ಹಳೆಯ ದನಿ ಅದಲ್ಲ. ಒರಟಾಗಿತ್ತು, ಕೊನೆಯಲ್ಲಿ ತಗಡು ಅಲುಗಿದಂತೆ ನಡುಗುತ್ತಿತ್ತು. ಆದರೆ ಅದು ಬಸ್ ನಿಲ್ದಾಣದ ತನಕ ಹೋಯಿತು. ಮೆಣಸಿನಕಾಯಿಯವರು ತಲೆ ಎತ್ತಿ ನೋಡಿದರು.

ಚಾಚಾ ಬಂದಾಗ ಬಿಸಿಲು ಏರಿತ್ತು. ಗೊನೆಗಳನ್ನು ಕಣ್ಣಲ್ಲೇ ಅಳೆದು ದರ ಕೇಳಿದರು. ಅವ್ವ ಒತ್ತಿದಳು, ಡಬ್ಬಿ ದರ ಹೇಳಿತು. ಅವ್ವ ಬೇಕೆಂದೇ ಜಾಸ್ತಿ ಹೇಳಿದ್ದಳು, ಹಿಂದೆ ಹೇಳುತ್ತಿದ್ದ ಹಾಗೆ. ಚಾಚಾ ಜೇಬಿಗೆ ಕೈ ಹಾಕಿದರು. ಅವ್ವ ಆ ಕೈಯನ್ನೇ ದಿಟ್ಟಿಸಿ ನೋಡುತ್ತಿದ್ದಳು. ಅಷ್ಟರಲ್ಲಿ ಪಕ್ಕದಿಂದ ಹೋಗುತ್ತಿದ್ದವರಿಗೆಂದು ಅವ್ವ ಇನ್ನೊಂದು ಬಾಳೀಈಈಈ ಒತ್ತಿದಳು. ಚಾಚಾ ಡಬ್ಬಿಯನ್ನು ನೋಡಿದರು. ಕೈ ಜೇಬಿನಿಂದ ಖಾಲಿಯಾಗಿ ಹೊರಗೆ ಬಂತು.

"ಇತ್ತಾ ರೇಟ್ ಕೈಕು? ಇಷ್ಟ್ ರೇಟ್ ಯಾಕ?" ಎಂದು ದನಿ ಏರಿಸಿದರು. "ಲೂಟಿ ಮಾಡಾಕತ್ತೀಯೇನ್ ಅಕ್ಕಾ? ಅರ್ಧಕ್ಕ ಕೊಡು."

ಅವ್ವ ಟೈಪ್ ಮಾಡತೊಡಗಿದಳು. ಹೆಬ್ಬೆರಳು ನಿಧಾನ. ಚಾಚಾ ಸೊಂಟದ ಮೇಲೆ ಕೈ ಇಟ್ಟು ಕಾದರು. "ಲಗೂ ಹೇಳು, ನನ್ ಬಸ್ ಹೋಗ್ತದ" ಎಂದು ಗೊಣಗಿದರು. ಆಗ ಡಬ್ಬಿ ಹೇಳಿತು: "ಹೋಗ್ರಿ. ಹಣ್ಣು ಇಲ್ಲೇ ಇರ್ತಾವ."

ಚಾಚಾ ಬೆನ್ನು ತಿರುಗಿಸಿ ಹೊರಟರು. ಆಪರೇಶನ್ ಆದ ಮೇಲೆ ಗೊತ್ತಿದ್ದವರೊಬ್ಬರು ಅವ್ವನಿಗೆ ಬೆನ್ನು ತೋರಿಸಿದ್ದು ಅದೇ ಮೊದಲು. ಮೆಣಸಿನಕಾಯಿ ಸಾಲು ದಾಟಿದರು, ಪಾತ್ರೆ ಅಂಗಡಿ ದಾಟಿದರು. ಬಸ್ಸು ನಿಂತಿತ್ತು. ಅವ್ವ ಕೂಗನ್ನು ಆಗಲೇ ಬರೆದು ಇಟ್ಟುಕೊಂಡಿದ್ದಳು, ಆದರೆ ಒತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ, ನಾನೇ ಒತ್ತಲು ಕೈ ಚಾಚಿದೆ. ಅವ್ವ ಫಟ್ ಎಂದು ಕೈಗೆ ಹೊಡೆದಳು. ಚಾಚಾ ಬಸ್ಸಿನ ಬಾಗಿಲಿನ ಸರಳು ಹಿಡಿದರು. ಕಾಕಾ ಚಾಪೆಯಿಂದ ಎದ್ದು ನಿಂತರು. ಚಾಚಾ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟರು.

ಅವ್ವ ಒತ್ತಿದಳು.

"ಬರ್ರೀಈಈಈಈಈ ಸಾಹೇಬ್ರಾಆಆಆಆ!"

ಚಾಚಾ ಮೆಟ್ಟಿಲಿಂದ ಕಾಲು ತೆಗೆದರು. ಅವಸರವಿಲ್ಲದೆ, ಹೋದ ದಾರಿಯಲ್ಲೇ ವಾಪಸು ನಡೆದು ಬಂದರು. ಹತ್ತಿರ ಬಂದಾಗ ನೋಡಿದೆ, ಅವರ ಕಣ್ಣು ಕೆಂಪಾಗಿತ್ತು.

"ಇಷ್ಟ್ ತಡಾ ಯಾಕ ಮಾಡಿದಿ ಅಕ್ಕಾ?" ಎಂದರು. "ಕರೀತೀಯೋ ಇಲ್ಲೋ ಅಂತ ಅಂಜಿಕಿ ಬಂದಿತ್ತು."

ಅವ್ವ ತಾನು ಹೇಳಿದ ದರಕ್ಕೂ ಅಲ್ಲ, ಅವರು ಕೇಳಿದ ದರಕ್ಕೂ ಅಲ್ಲ, ನಡುವಿನ ಒಂದು ದರಕ್ಕೆ ಒಪ್ಪಿ, ಗೊನೆ ಎತ್ತಿ ಅವರ ಹೆಗಲಿಗೆ ಕೊಟ್ಟಳು. ಕಾಕಾ ತಮ್ಮ ಚಾಪೆ ಸುತ್ತಿಕೊಂಡು ಮನೆಗೆ ಹೋದರು.